ಷೋರೂಮಿನಿಂದ ಎದ್ದು ಬರುತ್ತಿದ್ದ ಅಂಕಲ್

ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಕಾರು ತಂದು ನಿಲ್ಲಿಸಿದರೆ ಉಳಿದವರು ಬಣ್ಣ ನೋಡುತ್ತಾರೆ, ನಂಬರ್ ನೋಡುತ್ತಾರೆ, ಸಿಹಿ ಇಸಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ನನಗೆ ಮಾತ್ರ ಒಂದೇ ಯೋಚನೆ: ಇವರಿಗೆ ಎಷ್ಟು ನಾಮ ಹಾಕಿರಬಹುದು? ಹಾಳು ಬುದ್ಧಿ ಅನ್ನಿ ಬೇಕಾದರೆ. ಇದು ನನಗೆ ಹುಟ್ಟಿನಿಂದ ಬಂದದ್ದಲ್ಲ, ಪಕ್ಕದ ಮನೆಯ ಅಂಕಲ್ ಹತ್ತಿಸಿ ಹೋದ ಚಟ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಕೊನೆಮನೆಯವರು ಕಾರು ತಂದ ಖುಷಿಗೆ ಪೇಡ ಕೊಟ್ಟಾಗ, ಅದನ್ನು ಕೈಯಲ್ಲಿ ಹಿಡಿದುಕೊಂಡೇ "ಹ್ಯಾಂಡ್ಲಿಂಗ್ ಚಾರ್ಜ್ ಅಂತ ಏನಾದ್ರೂ ತಗೊಂಡ್ರಾ?" ಎಂದು ಕೇಳಿಬಿಟ್ಟೆ. ಆಯಮ್ಮನ ಮುಖ ಸಣ್ಣಗಾಯಿತು. ತಗೊಂಡಿದ್ದಾರೆ ಅಂತ ಗೊತ್ತಾಯಿತು.

ಅಂಕಲ್ ಒಂದು ಸರ್ಕಾರಿ ಕಾರ್ಖಾನೆಯ ಪರ್ಚೇಸ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ನಟ್ಟು, ಬೋಲ್ಟು, ಗ್ರೀಸು, ಕಾಗದ, ಕಸಪೊರಕೆ, ಕಾರ್ಖಾನೆಗೆ ಬೇಕಾದದ್ದನ್ನೆಲ್ಲ ಕೊಳ್ಳುವುದು ಅವರ ಕೆಲಸ. ಮಾರಲು ಬಂದವರನ್ನು ಎದುರಿಗೆ ಕೂರಿಸಿಕೊಂಡೇ ಸರ್ವಿಸ್ ಮುಗಿಸಿದ ಮನುಷ್ಯನಿಗೆ, ಇಡೀ ಜಗತ್ತೇ ತನಗೆ ಏನೋ ಮಾರಲು ಬಂದಿದೆ ಅನ್ನಿಸಿದರೆ ಆಶ್ಚರ್ಯವೇನು? ಎಳನೀರು ಕೊಚ್ಚಿಸುವ ಮೊದಲು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಆಟೋ ಹತ್ತಿದರೆ ರಸ್ತೆ ನೋಡುತ್ತಿರಲಿಲ್ಲ, ಮೀಟರ್ ನೋಡುತ್ತಿದ್ದರು. ನಾನು ಕರೆದು ಕಾಫಿ ಕೊಟ್ಟರೂ "ಏನಮ್ಮ, ನನ್ನಿಂದ ಏನೋ ಕೆಲಸ ಆಗ್ಬೇಕು ಅನ್ಸತ್ತೆ" ಅನ್ನುತ್ತಿದ್ದರು. ಇರುತ್ತಿತ್ತು ಕೂಡ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಡೌಟ್ ಅಂಕಲ್ ಅಂತ. ಅದು ಅವರಿಗೂ ಗೊತ್ತಿತ್ತು. ಬೇಜಾರು ಮಾಡಿಕೊಂಡದ್ದನ್ನು ನಾನಂತೂ ಕಾಣೆ.

ಹಾಗೆ ಆಡಿಕೊಳ್ಳುತ್ತಿದ್ದವರೇ ಕಾರು ಕೊಳ್ಳುವ ಹೊತ್ತಿಗೆ ಅವರ ಗೇಟಿನ ಮುಂದೆ ಚಪ್ಪಲಿ ಬಿಡುತ್ತಿದ್ದರು. ಅಂಕಲ್ ಇಲ್ಲ ಅಂದದ್ದಿಲ್ಲ. ತುಂಬುತೋಳಿನ ಶರ್ಟು, ಮಣಿಕಟ್ಟಿನ ಗುಂಡಿ ಹಾಕಿಯೇ ಇರಬೇಕು, ಬಗಲಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಆಂಟಿ ಹಾಕಿಕೊಟ್ಟ ಕಾಫಿಯ ಫ್ಲಾಸ್ಕು. ಷೋರೂಮಿನಲ್ಲಿ ಕಾಫಿ ತಂದರೆ ಮುಟ್ಟುತ್ತಿರಲಿಲ್ಲ. "ಅವರ ಸೋಫಾ ಮೇಲೆ ಕೂತು ಅವರ ಕಾಫಿ ಕುಡಿದವನಿಗೆ ಎದ್ದು ಬರೋಕೆ ನಾಚಿಕೆ ಆಗತ್ತೆ. ಅದಕ್ಕೇ ಕೊಡೋದು" ಅನ್ನುತ್ತಿದ್ದರು. ನಮ್ಮನ್ನೂ ಕುಡಿಯಗೊಡುತ್ತಿರಲಿಲ್ಲ. ಎಸಿಯಲ್ಲಿ ಕೂತು ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿಯುವ ನಮ್ಮನ್ನು ಸೇಲ್ಸಿನ ಹುಡುಗಿಯರು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದರು.

ಕೊಟೇಷನ್ ಕೊಟ್ಟರೆ ಕೆಳಗಿನಿಂದ ಮೇಲಕ್ಕೆ ಓದುವುದು ಅವರ ಪದ್ಧತಿ. ಮೇಲಿನ ಸಾಲುಗಳಲ್ಲಿ ಕಾರಿನ ಬೆಲೆ, ರಸ್ತೆ ತೆರಿಗೆ, ಅವು ಬದಲಾಗುವುದಿಲ್ಲ. ಅಲ್ಲಿ ಓದಿ ಓದಿ ನಮ್ಮ ಕಣ್ಣು ಸುಸ್ತಾದ ಮೇಲೆ ಕೆಳಗಡೆ ಸಣ್ಣಗೆ ಬರುವವು ಇದ್ದಾವಲ್ಲ, ಬಣ್ಣಕ್ಕೆ ಕೋಟಿಂಗ್, ಕಾಲೊರೆಸುವ ಮ್ಯಾಟು, ಸುಗಂಧದ ಬಾಟಲಿ, ಹೆಚ್ಚುವರಿ ವಾರಂಟಿ, ಕಳ್ಳರಿರುವುದು ಅಲ್ಲಿ ಎನ್ನುವುದು ಅವರ ವಾದ. ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟು, ಮೃದುವಾಗಿ, ಸ್ವಂತ ಮೊಮ್ಮಗನನ್ನು ಕೇಳುವ ಹಾಗೆ, "ಇದೇನಪ್ಪ ಇದು?" ಎನ್ನುತ್ತಿದ್ದರು. ಆ ಪ್ರಶ್ನೆಯ ಮುಂದೆ ಬೆವರದ ಸೇಲ್ಸ್‌ಮನ್ನನ್ನು ನಾನು ನೋಡಿಲ್ಲ.

ನಾವು ಕಾರು ಕೊಂಡಾಗಲೂ ಅಂಕಲ್ಲೇ ಬಂದರು. ಜೆ.ಪಿ. ನಗರದ ಕಡೆ ಒಂದು ಷೋರೂಂ. ಅಲ್ಲಿನ ಹುಡುಗ ಟೈ ಕಟ್ಟಿಕೊಂಡು, ಮಾತಿಗೊಂದು ಸಾರ್ ಸೇರಿಸಿ ಚೆನ್ನಾಗಿಯೇ ಮಾತಾಡುತ್ತಿದ್ದ. ಅಂಕಲ್ ಬೆರಳು ಹ್ಯಾಂಡ್ಲಿಂಗ್ ಚಾರ್ಜಿನ ಮೇಲೆ ನಿಂತಿತು.

"ಇದೇನಪ್ಪ ಇದು?"

"ಅದು ಸಾರ್, ಗಾಡಿ ನಮ್ಮ ಸ್ಟಾಕ್‌ಯಾರ್ಡಲ್ಲಿ ಇರತ್ತೆ. ಅಲ್ಲಿಂದ ಇಲ್ಲಿಗೆ ತರ್ಬೇಕಲ್ಲ, ತೊಳೀಬೇಕಲ್ಲ, ಅದರ ಖರ್ಚು."

"ಎಲ್ಲಿದೆ ಯಾರ್ಡು?"

"ಕನಕಪುರ ರೋಡಲ್ಲಿ ಸಾರ್."

"ಹಂಗಾದ್ರೆ ನಾವೇ ಅಲ್ಲಿಗೆ ಬರ್ತೀವಿ. ಅಲ್ಲೇ ಕೊಡು. ತೊಳೀಲೂ ಬೇಡ, ಮನೇಲಿ ಬೋರ್‌ವೆಲ್ ಇದೆ."

ಹುಡುಗ ನಕ್ಕ. ಅಂಕಲ್ ನಗಲಿಲ್ಲ. ಆಮೇಲೆ ಅವನು "ಸಿಸ್ಟಮ್ಮಲ್ಲಿ ಫೀಡ್ ಆಗ್ಬಿಟ್ಟಿದೆ ಸಾರ್, ಮ್ಯಾನೇಜರ್‌ನ ಕೇಳ್ಕೊಂಡ್ ಬರ್ತೀನಿ" ಎಂದು ಮಸುಕು ಗಾಜಿನ ಕೋಣೆಯೊಳಕ್ಕೆ ಹೋದ. ಅಂಕಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿಟ್ಟು, ಎದ್ದು ಅವನ ಹಿಂದೆಯೇ ಹೋಗಿ ಬಾಗಿಲು ತೆರೆದರು. ಒಳಗೆ ಮ್ಯಾನೇಜರೂ ಇಲ್ಲ, ಗೀನೇಜರೂ ಇಲ್ಲ. ಹುಡುಗ ಒಬ್ಬನೇ ಕೂತು ಫೋನ್ ನೋಡುತ್ತಿದ್ದ. "ಕೇಳಿ ಆಯ್ತೇನಪ್ಪ? ಏನಂದ್ರು?" ಎಂದರು ಅಂಕಲ್. ನನಗೆ ಆ ಹುಡುಗನನ್ನು ನೋಡಿ ಪಾಪ ಅನ್ನಿಸಿತು. ಹ್ಯಾಂಡ್ಲಿಂಗ್ ಚಾರ್ಜ್ ಹೋಯಿತು, ಆದರೂ ಅಂಕಲ್ ಹಟ ಬಿಡದೆ ನಮ್ಮನ್ನು ಯಾರ್ಡಿಗೇ ಕರೆದುಕೊಂಡು ಹೋದರು. ಕೆಸರಿನಲ್ಲಿ ಸೀರೆ ಎತ್ತಿಕೊಂಡು ನಡೆದು ನನ್ನ ಕೆಂಪು ಕಾರನ್ನು ಮೊದಲ ಸಲ ನೋಡಿದೆ. ಮೈತುಂಬ ಧೂಳಿತ್ತು.

ಇಷ್ಟೆಲ್ಲ ಮಾಡಿದವರ ಬಗ್ಗೆ ಬೀದಿ ಏನು ಹೇಳಿತು ಗೊತ್ತೇ? ಕಮಿಷನ್ ತಗೋತಾರೆ ಅಂತ. ಇಲ್ಲದಿದ್ದರೆ ಪುಕ್ಕಟೆ ಯಾರು ಬಿಸಿಲಲ್ಲಿ ಓಡಾಡುತ್ತಾರೆ? ನಮ್ಮ ಯಜಮಾನರೂ "ಏನೋ ಇದೆ ಒಳಗೆ, ಆ ಷೋರೂಮಿನವನು ಅವರಿಗೆ ಕೈ ಮುಗಿದ ರೀತಿ ನೋಡಿದ್ಯಾ?" ಅಂದರು. ನನಗೂ ಹುಳ ಬಿತ್ತು. ಅನುಮಾನ ಪಡುವವರ ಜೊತೆ ಓಡಾಡಿದರೆ ಅವರ ಮೇಲೇ ಅನುಮಾನ ಬರುವುದು ಸಹಜ ತಾನೆ? ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಸಂಜೆ ಹೂ ಕಟ್ಟುತ್ತಾ ಕೂತಾಗ ಆಂಟಿಯನ್ನೇ ಕೇಳಿಬಿಟ್ಟೆ, "ಆಂಟಿ, ಜನ ಹಿಂಗಂತಾರಲ್ಲ, ನಿಜಾನಾ?"

ಆಂಟಿ ಹೂವಿನ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ, ಹೊಟ್ಟೆ ಅಲುಗುವಷ್ಟು ನಕ್ಕರು. "ಅಯ್ಯೋ, ಕಮಿಷನ್ ತಗೊಂಡಿದ್ರೆ ನಾನ್ಯಾಕೆ ಮಂಡಿ ಹಿಡ್ಕೊಂಡು ಆಟೋಗೆ ಕಾಯ್ತಿದ್ದೆ? ಇಷ್ಟೊತ್ತಿಗೆ ನಮ್ದೂ ಒಂದು ಕಾರಿರ್ತಿತ್ತು."

ಅದೇ ವಿಚಿತ್ರ. ಬೀದಿಗೆಲ್ಲ ಕಾರು ಕೊಡಿಸಿದ ಮನುಷ್ಯನ ಮನೆ ಮುಂದೆ ಕಾರಿರಲಿಲ್ಲ. ದುಡ್ಡಿಲ್ಲದೆ ಅಲ್ಲ. ಕೊಳ್ಳಲು ಹೋಗದೆಯೂ ಅಲ್ಲ. ಹೋಗಿದ್ದರು, ಹಲವು ಸಲ. ಬೇರೆಯವರಿಗಾದರೆ ಎಳೆದಾಡಿ, ಒಂದಿಷ್ಟು ಬಿಟ್ಟುಕೊಟ್ಟು ಮುಗಿಸುತ್ತಿದ್ದರು. ತಮಗೆ ಅಂದಾಗ ಒಂದು ಸಾಲು, ಒಂದೇ ಒಂದು ಸಾಲು ಲೆಕ್ಕಕ್ಕೆ ಸಿಗದೆ ಉಳಿದರೆ ಸಾಕು, ಕುರ್ಚಿ ಹಿಂದಕ್ಕೆ ಸರಿಸಿ ಎದ್ದುಬಿಡುತ್ತಿದ್ದರು. ಒಂದು ಸಲ ನಂಬರ್ ಪ್ಲೇಟಿನ ಖರ್ಚಿಗೆ ಎದ್ದು ಬಂದರು. ಇನ್ನೊಂದು ಸಲ ವಿಮೆಯನ್ನು ಹೊರಗಡೆ ಮಾಡಿಸುತ್ತೇನೆ ಅಂದದ್ದಕ್ಕೆ ಷೋರೂಮಿನವರು ಮುಖ ಗಂಟಿಕ್ಕಿದರು ಎಂದು ಎದ್ದು ಬಂದರು. ಪ್ರತಿ ಸಲವೂ ಆಂಟಿ ಒಳ್ಳೆ ಸೀರೆ ಉಟ್ಟು ಜೊತೆಗೆ ಹೋಗುತ್ತಿದ್ದರು, ಪ್ರತಿ ಸಲವೂ ಆಟೋದಲ್ಲಿ ವಾಪಸು ಬರುತ್ತಿದ್ದರು. "ಇವತ್ತು ಉಳೀತು" ಎಂದು ಅಂಕಲ್ ಗೇಟು ತೆಗೆಯುತ್ತಾ ಗೆದ್ದವರ ಧಾಟಿಯಲ್ಲಿ ಹೇಳುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಆಂಟಿ ಒಳಗೆ ಹೋಗಿ ಸೀರೆ ಮಡಿಸಿಡುತ್ತಿದ್ದರು.

ಅಂಕಲ್ ಹೇಳಿಕೊಟ್ಟ ಪಾಠಗಳಲ್ಲೆಲ್ಲ ದೊಡ್ಡದು ದಿನದ ಪಾಠ. ನಮ್ಮ ಜನ ಗಾಡಿಯನ್ನು ಕಂಡ ಕಂಡ ದಿನ ಮನೆಗೆ ತರುವವರಲ್ಲ. ಆಷಾಢದಲ್ಲಿ ತರುವುದಿಲ್ಲ, ಅಮಾವಾಸ್ಯೆಗೆ ತರುವುದಿಲ್ಲ, ರಾಹುಕಾಲದಲ್ಲಿ ಷೋರೂಮಿನ ಬಾಗಿಲು ದಾಟಿಸುವುದಿಲ್ಲ. ಪುರೋಹಿತರ ಹತ್ತಿರ ಕೇಳಿ, ಪಂಚಾಂಗ ನೋಡಿ, ಮೊದಲು ದಿನ ಗೊತ್ತು ಮಾಡಿಕೊಂಡು ಆಮೇಲೆ ಕಾರು ನೋಡಲು ಹೋಗುತ್ತೇವೆ. ಕಾರಿನವರಿಗೂ ಇದು ಗೊತ್ತು. ಅದಕ್ಕೇ ಅವರು, ನಾವು ಕೂತ ಕೂಡಲೇ, ನೀರು ಕೊಡುವ ಮೊದಲೇ, "ಡೆಲಿವರಿ ಯಾವತ್ತು ಬೇಕು ಮೇಡಂ?" ಅಂತ ಕೇಳುವುದು.

"ಯಾವತ್ತು ಅಂತ ಬಾಯಿ ಬಿಡಬೇಡಮ್ಮ" ಎನ್ನುತ್ತಿದ್ದರು ಅಂಕಲ್. "ನಿನ್ನ ಒಳ್ಳೆ ದಿನ ಅವನಿಗೆ ಗೊತ್ತಾಯ್ತೋ, ನಿನ್ನ ಜುಟ್ಟು ಅವನ ಕೈಲಿ. ಎಲ್ಲಾ ದಿನಾನೂ ಒಂದೇ ನಮಗೆ ಅನ್ನು. ರಾಹುಕಾಲದಲ್ಲೇ ಕೊಡಿ ಬೇಕಾದ್ರೆ ಅನ್ನು."

ಹೀಗೆ ಅನ್ನುತ್ತಿದ್ದವರು ಮನೆಯಲ್ಲಿ ಶುಕ್ರವಾರ ಉಗುರು ಕತ್ತರಿಸುತ್ತಿರಲಿಲ್ಲ, ಅದು ಬೇರೆ ಮಾತು. ಅವರ ಪಾಠ ಸುಳ್ಳಲ್ಲ ಅನ್ನುವುದಕ್ಕೆ ಎದುರು ಸಾಲಿನ ಲೆಕ್ಚರರ್ ಇದ್ದರಲ್ಲ. ಓದಿದವನಿಗೆ ಯಾರ ಸಹಾಯ ಯಾಕೆ ಎಂದು ಅವರೊಬ್ಬರೇ ಹೋಗಿ, ಷೋರೂಮಿನವನಿಗೆ ಮುಹೂರ್ತವನ್ನು ನಿಮಿಷದ ಸಮೇತ ಹೇಳಿ ಬಂದರು. ಆ ದಿನ ಬೆಳಗ್ಗೆ ಕಾರಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿ, ಬೀಗದ ಕೈ ಕೊಡುವ ಮುಂಚೆ ಒಂದು ಹೊಸ ಬಿಲ್ಲು ಮುಂದಿಟ್ಟರಂತೆ, ಆಕ್ಸೆಸರೀಸ್ ಎಂದು. ಬನಶಂಕರಿ ದೇವಸ್ಥಾನದಲ್ಲಿ ಪೂಜೆಗೆ ಹೇಳಿಯಾಗಿದೆ, ಹತ್ತೂವರೆಗೆ ರಾಹುಕಾಲ ಶುರು, ಹೆಂಡತಿ ಗಡಿಯಾರ ನೋಡುತ್ತಿದ್ದಾರೆ. ಮೇಷ್ಟ್ರು ಏನು ಮಾಡುತ್ತಾರೆ? ಕಾರ್ಡು ಉಜ್ಜಿ ಬಂದರು. ಆಮೇಲೆ ಆರು ತಿಂಗಳು ಅಂಕಲ್ ಕಣ್ಣಿಗೆ ಬೀಳದಂತೆ ಓಡಾಡಿದರು.

ಆಂಟಿಯ ಮಂಡಿ ಬರಬರುತ್ತಾ ಹದಗೆಟ್ಟಿತು. ವಾರಕ್ಕೆ ಮೂರು ದಿನ ಫೋರ್ತ್ ಬ್ಲಾಕಿನಲ್ಲಿ ಫಿಸಿಯೋಥೆರಪಿ. ಬಸ್ಸು ಹತ್ತುವ ಹಾಗಿಲ್ಲ. ಆಟೋದವರು ಅಷ್ಟು ಹತ್ತಿರಕ್ಕೆ ಬರಲ್ಲ ಅನ್ನುತ್ತಾರೆ, ಬರುತ್ತೇನೆ ಅಂದವನ ಜೊತೆ ಮೀಟರಿಗಾಗಿ ಅಂಕಲ್ ಜಗಳ ತೆಗೆಯುತ್ತಾರೆ. ಜಗಳ ಮುಗಿಯುವ ತನಕ ಆಂಟಿ ಗೇಟಿನ ಸರಳು ಹಿಡಿದುಕೊಂಡು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿರಬೇಕು. ನನಗೆ ಮೈ ಉರಿಯುತ್ತಿತ್ತು. ಆದಾಗಲೆಲ್ಲ ನನ್ನ ಕಾರಿನಲ್ಲಿ ಬಿಟ್ಟು ಬರುತ್ತಿದ್ದೆ. ಒಂದು ದಿನ ತಡೆಯಲಾರದೆ ಅಂಕಲ್ಲಿಗೆ ಹೇಳಿದೆ, "ಅಂಕಲ್, ಊರಿಗೆಲ್ಲ ಕೊಡಿಸಿದ್ದು ಸಾಕು, ಆಂಟಿಗೊಂದು ಕಾರು ಕೊಡಿಸಿ. ಓಡಿಸೋಕೆ ನಾನಿದೀನಿ." ಅವರು ನನ್ನನ್ನೇ ಅನುಮಾನದಿಂದ ನೋಡಿದರು. ನಾನೇನಾದರೂ ಷೋರೂಮಿನವರ ಜೊತೆ ಸೇರಿಕೊಂಡಿದ್ದೇನಾ ಅಂತ ಇರಬೇಕು. ಆಮೇಲೆ "ಆಷಾಢ ಬರಲಿ" ಅಂದರು. ಆಷಾಢದಲ್ಲಿ ಷೋರೂಮು ಭಣಗುಟ್ಟುತ್ತದೆ, ಕೇಳಿದ ಬೆಲೆಗೆ ಒಪ್ಪುತ್ತಾರೆ. ಆಗ ಬುಕ್ ಮಾಡಿ, ಶ್ರಾವಣದಲ್ಲಿ ಏನೂ ಗೊತ್ತಿಲ್ಲದವರ ಹಾಗೆ ತಂದುಕೊಳ್ಳುವುದು ಅವರ ಲೆಕ್ಕ.

ಆಷಾಢ ಬಂತು. ಮೂವರೂ ಹೋದೆವು. ಆಂಟಿ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ಷೋರೂಮಿನಲ್ಲಿ ನಾವು ಬಿಟ್ಟರೆ ನೊಣವೂ ಇರಲಿಲ್ಲ. ಅಂಕಲ್ ಅವತ್ತು ಭರ್ಜರಿ ಫಾರ್ಮಿನಲ್ಲಿದ್ದರು. ಕೆಳಗಿನಿಂದ ಒಂದೊಂದೇ ಸಾಲು ಹಿಡಿದು ಪೆನ್ನಿನಲ್ಲಿ ಹೊಡೆಸುತ್ತಾ ಬಂದರು. ಕೋಟಿಂಗ್ ಹೋಯಿತು, ಮ್ಯಾಟು ಹೋಯಿತು, ವಾರಂಟಿ ಹೋಯಿತು, ಹ್ಯಾಂಡ್ಲಿಂಗ್ ಹೋಯಿತು. ವಿಮೆ ಹೊರಗೆ ಮಾಡಿಸುವುದಕ್ಕೂ ಸೇಲ್ಸ್‌ಮನ್ ತಲೆಯಾಡಿಸಿದ. ಉಳಿದದ್ದು ಒಂದೇ ಸಾಲು, ಡಾಕ್ಯುಮೆಂಟೇಷನ್ ಎಂದು. ಅಲ್ಲಿಯ ತನಕ ಹೊಡೆಸಿದ್ದಕ್ಕೆ ಹೋಲಿಸಿದರೆ ಅದು ಜುಜುಬಿ ಹಣ. ಸೇಲ್ಸ್‌ಮನ್ ನಡುವಯಸ್ಸಿನವನು, ಕಾಗದವನ್ನು ಮೇಜಿನ ಮೇಲಿಟ್ಟು "ಇದೊಂದು ಆಗಲ್ಲ ಸಾರ್, ನಮ್ಮ ಕೈಲಿಲ್ಲ" ಅಂದ.

"ಏನು ಡಾಕ್ಯುಮೆಂಟು? ನನ್ನ ಆಧಾರ್ ಜೆರಾಕ್ಸ್ ನಾನೇ ತಂದಿದೀನಿ."

"ಎಲ್ಲರೂ ಕೊಡ್ತಾರೆ ಸಾರ್."

ಎಲ್ಲರೂ ಕೊಡ್ತಾರೆ ಅನ್ನುವ ಮಾತು ಕೇಳಿದರೆ ಅಂಕಲ್ಲಿಗೆ ಆಗುತ್ತಿರಲಿಲ್ಲ. ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಊರಿದರು. ನನಗೆ ಗೊತ್ತಾಯಿತು, ಎದ್ದೇಳುತ್ತಾರೆ. ಅಯ್ಯೋ ದೇವರೇ, ಮತ್ತೆ ಅದೇ ಕತೆ ಅಂದುಕೊಂಡೆ. ನನ್ನ ಪರ್ಸಿನಿಂದ ಗುಟ್ಟಾಗಿ ಕೊಟ್ಟುಬಿಡಲೇ ಎಂದೂ ಯೋಚನೆ ಬಂತು.

ಆಗ ಆಂಟಿ ಮಾತಾಡಿದರು. ಷೋರೂಮುಗಳಲ್ಲಿ ಅವರು ಬಾಯಿ ತೆರೆದದ್ದನ್ನು ನಾನು ನೋಡಿರಲಿಲ್ಲ. ಸೇಲ್ಸ್‌ಮನ್ನಿನ ಕಡೆ ತಿರುಗಿ, ಮನೆಗೆ ಬಂದವರಿಗೆ ಊಟ ಬಡಿಸುವಾಗ ಮಾತಾಡುವ ಧ್ವನಿಯಲ್ಲಿ ಹೇಳಿದರು: "ನೋಡಪ್ಪ, ನಮಗೆ ವರಮಹಾಲಕ್ಷ್ಮಿ ಹಬ್ಬದ ದಿವಸ ಬೇಕು. ಹತ್ತೂವರೆ ಒಳಗೆ ಮನೆ ಮುಂದೆ ಬಂದಿರ್ಬೇಕು. ಅವತ್ತು ಬಿಟ್ಟು ಬೇರೆ ದಿನ ನನಗೆ ಬೇಡ."

ಸೇಲ್ಸ್‌ಮನ್ನಿನ ಬೆನ್ನು ನೆಟ್ಟಗಾಯಿತು. ಪೆನ್ನು ಕೈಗೆ ತಗೊಂಡ. "ಅವತ್ತಾ ಮೇಡಂ? ಅವತ್ತು ಸಖತ್ ರಷ್ ಇರತ್ತೆ. ಫುಲ್ ಪ್ಯಾಕೇಜ್ ತಗೊಂಡೋರಿಗೆ ಫಸ್ಟ್ ಪ್ರಿಫರೆನ್ಸ್. ಬೆಳಗ್ಗೆ ಸ್ಲಾಟ್ ಅಂದ್ರೆ ಕಷ್ಟ" ಎನ್ನುತ್ತಾ, ಅಂಕಲ್ ಹೊಡೆಸಿದ್ದ ಒಂದೊಂದೇ ಸಾಲಿನ ಪಕ್ಕ ಮತ್ತೆ ಗುರುತು ಹಾಕುತ್ತಾ ಹೋದ. ಮ್ಯಾಟು ಬಂತು. ಕೋಟಿಂಗ್ ಬಂತು. ನನಗೆ ರೇಗಿ, "ಏನ್ರೀ ಇದು, ಈಗ ತಾನೇ ಬೇಡ ಅಂತ ತೆಗೆದ್ರಲ್ಲ" ಎಂದು ಶುರುಮಾಡಿದೆ. ಆಂಟಿ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದು ಒತ್ತಿದರು. ಬಾಯಿತಪ್ಪಿ ಬಂದ ಮಾತಲ್ಲ ಅದು. ದಿನದ ಪಾಠವನ್ನು ನಮ್ಮೆಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡಿದ್ದವರು ಅವರೇ ಅಲ್ಲವೇ.

ಅಂಕಲ್ ಅರ್ಧ ಎದ್ದವರು ಹಾಗೆಯೇ ಇದ್ದರು. ಹೆಂಡತಿಯ ಮುಖವನ್ನು ನೋಡಿದರು. ಕನ್ನಡಕ ತೆಗೆದು, ಶರ್ಟಿನ ತುದಿಯಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಆಂಟಿ ಕಣ್ಣು ತಪ್ಪಿಸಲಿಲ್ಲ. ಅಂಕಲ್ ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಎಲ್ಲಿ ಸೈನ್ ಮಾಡ್ಬೇಕಪ್ಪ?" ಅಂದರು. ಕಾಗದವನ್ನು ಓದಲಿಲ್ಲ, ಕೆಳಗಿನಿಂದಲೂ ಇಲ್ಲ, ಮೇಲಿನಿಂದಲೂ ಇಲ್ಲ.

ಹಬ್ಬದ ದಿನ ಬೆಳಗ್ಗೆ ನಾನೂ ಅಂಕಲ್ಲೂ ಕಾರು ತರಲು ಹೋದೆವು. ಷೋರೂಮಿನಲ್ಲಿ ಜಾತ್ರೆ. ಪ್ಯಾಕೇಜ್ ತಗೊಂಡವರೇ ಇಪ್ಪತ್ತು ಮನೆಯವರಿದ್ದರು, ಹಾಗಾದರೆ ಮೊದಲು ಅನ್ನುವುದಕ್ಕೆ ಏನರ್ಥ ಎಂದು ಯಾರನ್ನು ಕೇಳುವುದು? ಅಂಕಲ್ ಕೇಳಲಿಲ್ಲ. ಸ್ಟೆಪ್ನಿ ಟೈರು ಇದೆಯೇ ಎಂದು ಡಿಕ್ಕಿ ತೆಗೆಸಿ ನೋಡಿದರು, ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡಿದರು, ಅಷ್ಟೇ. ಬರುವಾಗ ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ಅಂದರು, "ಎದುರಿಗೆ ಕೂತವನಿಗೆ ಏನು ಬೇಕು ಅಂತ ಮುಖ ನೋಡಿ ಹೇಳ್ತಿದ್ದೆ ಕಣಮ್ಮ ನಾನು, ಆಫೀಸಲ್ಲಿ." ನಾನು ಹೌದು ಅಂಕಲ್ ಅಂದೆ. ಹತ್ತೂವರೆಗೆ ಮೊದಲೇ ಮನೆ ಮುಟ್ಟಿದೆವು. ಆಂಟಿ ಆರತಿ ತಂದು ಬೆಳಗಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಹತ್ತಿಸಿ ಇಳಿಸಿದೆ.

ಊಟವಾದ ಮೇಲೆ ಒಂದು ಸುತ್ತು ಹೊರಟೆವು. ಅಂಕಲ್ ನನ್ನ ಪಕ್ಕ, ಆಂಟಿ ಹಿಂದಿನ ಸೀಟಿನಲ್ಲಿ ಒಬ್ಬರೇ, ಕಾಲು ನೀಡಿಕೊಂಡು. ಎಲ್ಲಿಗೆ ಅಂದರೆ "ಸುಮ್ನೆ ಹೋಗು, ಎಲ್ಲಿಗಾದ್ರೂ" ಅಂದರು. ಕಿಟಕಿ ಇಳಿಸಿ, ತಲೆಗೂದಲು ಹಾರಿದರೂ ಸರಿಮಾಡಿಕೊಳ್ಳದೆ ಕೂತಿದ್ದರು. ಅಶೋಕ ಪಿಲ್ಲರ್ ಹತ್ತಿರ ಗಾಡಿಗಳು ನಿಂತಿದ್ದವು. ಅಂಕಲ್ ಹಿಂದಕ್ಕೆ ತಿರುಗದೆಯೇ ಕೇಳಿದರು:

"ಯಾವಾಗಿಂದ ಬೇಕಿತ್ತೇ ನಿನಗೆ?"

ಆಂಟಿ ಸಿಟ್ಟಿಲ್ಲದೆ, ದೂರಿಲ್ಲದೆ ಹೇಳಿದರು. "ನಮ್ಮಮ್ಮಂಗೆ ಸೀರಿಯಸ್ ಅಂತ ಫೋನ್ ಬಂತಲ್ಲ, ಊರೆಲ್ಲ ಬಂದ್ ಇದ್ದ ದಿನ. ಬಸ್ಸಿಲ್ಲ, ಆಟೋ ಇಲ್ಲ. ವಿಲ್ಸನ್ ಗಾರ್ಡನ್ ತನಕ ನಡ್ಕೊಂಡ್ ಹೋದ್ವಿ. ನಾವು ಹೋಗೋಷ್ಟ್ರಲ್ಲಿ ಮನೆ ಮುಂದೆ ಬೆಂಕಿ ಹಾಕಿ ಆಗಿತ್ತು. ಅದರ ಹಿಂದಿನ ವಾರ ತಾನೇ ನೀವು ಮೊದಲನೇ ಸಲ ಷೋರೂಮಿಂದ ಎದ್ದು ಬಂದಿದ್ದು. ಅವತ್ತಿಂದ."

ಮುಂದಿನ ಗಾಡಿಗಳು ಕದಲಿದವು. ಹಿಂದಿನವನು ಹಾರ್ನ್ ಹೊಡೆದ. ನಾನು ಗೇರ್ ಹಾಕಿದೆ. ಅಂಕಲ್ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ರಸ್ತೆಯನ್ನು ನೋಡುತ್ತಿದ್ದರು.

"ಬಲಕ್ಕೆ ತಗೋಮ್ಮ" ಅಂದರು. "ವಿಲ್ಸನ್ ಗಾರ್ಡನ್ ಕಡೆ ಹೋಗಿ ಬರೋಣ."

ನಾನು ಇಂಡಿಕೇಟರ್ ಹಾಕಿದೆ.

"ಬೇಡ ಕಣೇ" ಅಂದರು ಆಂಟಿ ಹಿಂದಿನಿಂದ. "ನೇರ ಹೋಗು. ಅಲ್ಲೀಗ ಯಾರಿದಾರೆ?"